ಗೋಚರ ಬೆಳಕಿನ ದ್ಯುತಿ ಕ್ರಿಯಾವರ್ಧಕಗಳು
ಬೆಳಕನ್ನು ಹೀರಿಕೊಂಡು ನೀರಿನಲ್ಲಿರುವ ಪ್ರತಿಜೀವಕ ಔಷಧಗಳ ಅಣುಗಳನ್ನು ಒಡೆಯಬಲ್ಲ ಅರೆವಾಹಕ ಪುಡಿಗಳು. ಇವುಗಳ ಅಗತ್ಯಕ್ಕೆ ಸಾಕ್ಷ್ಯ ಮಾಂಜ್ರಾ ಜಲಾನಯನದಲ್ಲೇ ಇದೆ. ಮಹಾರಾಷ್ಟ್ರದ ನಿಲಂಗಾ ಸೀಮೆಯಿಂದ ಬೀದರ್ ಜಿಲ್ಲೆಗೆ ಇಳಿಯುವ ಈ ನದಿಯನ್ನು ಮುಂದೆ ತೆಲಂಗಾಣದಲ್ಲಿ ನಕ್ಕವಾಗು ಎಂಬ ಹಳ್ಳ ಕೂಡುತ್ತದೆ. ಆ ಹಳ್ಳದ ಆಸುಪಾಸಿನ ಪಟಾನ್‌ಚೆರು ಔಷಧ ಕಾರ್ಖಾನೆಗಳ ಸಂಸ್ಕರಿಸಿದ ತ್ಯಾಜ್ಯನೀರಿನಲ್ಲೂ ಸಿಪ್ರೊಫ್ಲಾಕ್ಸಾಸಿನ್ ಲೀಟರಿಗೆ 31 ಮಿಲಿಗ್ರಾಂವರೆಗೆ ಇತ್ತೆಂದು 2007ರಲ್ಲಿ ಸ್ವೀಡನ್ನಿನ ಸಂಶೋಧಕರು ಪ್ರಕಟಿಸಿದರು. ಔಷಧ ಸೇವಿಸಿದ ರೋಗಿಯ ರಕ್ತದಲ್ಲಿರುವುದಕ್ಕಿಂತಲೂ ಇದು ಹೆಚ್ಚು. ಬ್ಯಾಕ್ಟೀರಿಯಾಗಳನ್ನೇ ನೆಚ್ಚಿದ ಜೈವಿಕ ಸಂಸ್ಕರಣೆಗೆ ಬ್ಯಾಕ್ಟೀರಿಯಾ ಕೊಲ್ಲುವ ವಸ್ತುವನ್ನು ಒಪ್ಪಿಸಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ನಿರೋಧಕ ತಳಿಗಳಿಗೂ ಎಡೆಯಾಗುತ್ತದೆ.

ಹಳೆಯ ಕ್ರಿಯಾವರ್ಧಕವಾದ ಟೈಟಾನಿಯಂ ಡೈಆಕ್ಸೈಡಿಗೆ ನೇರಳಾತೀತ ಕಿರಣ ಬೇಕು. ಬಿಸಿಲಿನಲ್ಲಿ ಅದರ ಪಾಲು ಸುಮಾರು ಶೇ. 5 ಮಾತ್ರ. ಯೂರಿಯಾ ಅಥವಾ ಮೆಲಮೈನನ್ನು ಮುಚ್ಚಿದ ಮೂಸೆಯಲ್ಲಿ ಸುಮಾರು 550 ಡಿಗ್ರಿಗೆ ಕಾಯಿಸಿದರೆ ಸಿಗುವ ಹಳದಿ ಕಾರ್ಬನ್ ನೈಟ್ರೈಡ್ ನೀಲಿ ಬೆಳಕನ್ನೂ ಬಳಸುತ್ತದೆ. ಮರಾಠವಾಡದಂಥ ಬಿಸಿಲ ನಾಡಿಗೆ ಇದು ದೊಡ್ಡ ಅನುಕೂಲ. ಆದರೆ ಅದರಲ್ಲಿ ಬೆಳಕು ಬಿಡಿಸಿದ ಎಲೆಕ್ಟ್ರಾನು ತಾನು ಬಿಟ್ಟ ಖಾಲಿ ಜಾಗವನ್ನು ಬೇಗನೆ ಮರಳಿ ಕೂಡಿಕೊಳ್ಳುತ್ತದೆ. ಅದನ್ನು ತಡೆಯಲು ಬಿಸ್ಮತ್ ವೆನಡೇಟಿನಂಥ ಇನ್ನೊಂದು ಅರೆವಾಹಕವನ್ನು ಬೆಸೆಯುತ್ತಾರೆ. ಸಕ್ರಿಯ ಇದ್ದಿಲು ಸಾಲದೇ ಎಂಬ ಆಕ್ಷೇಪವಿದೆ. ಆದರೆ ಇದ್ದಿಲು ಔಷಧವನ್ನು ಹಿಡಿದಿಡುತ್ತದೆ, ನಾಶಮಾಡುವುದಿಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಶುದ್ಧ ನೀರಿನಲ್ಲಿ ಗೆದ್ದ ಪುಡಿ ಲವಣ, ಸಾವಯವ ಕಶ್ಮಲ ತುಂಬಿದ ನಿಜವಾದ ತ್ಯಾಜ್ಯನೀರಿನಲ್ಲಿ ಸೋಲಬಹುದು. ಮೂಲ ಅಣು ಮಾಯವಾದರೂ ಅದರ ತುಣುಕುಗಳಿಗೆ ಔಷಧಗುಣ ಉಳಿದಿರಬಹುದು. ಆದ್ದರಿಂದ ಒಟ್ಟು ಸಾವಯವ ಇಂಗಾಲವನ್ನೂ ಉಳಿದ ಬ್ಯಾಕ್ಟೀರಿಯಾನಾಶಕ ಶಕ್ತಿಯನ್ನೂ ಅಳೆಯದ ಯಾವ ಫಲಿತಾಂಶವನ್ನೂ ಯಶಸ್ಸೆಂದು ಒಪ್ಪಲಾಗದು.