ಬಿಣಗಾದಲ್ಲಿ ಪಾದರಸದ ಗಣಿ ಯಾಕಿಲ್ಲ?

ಕಾರವಾರದಿಂದ ಅಂಕೋಲಾ ಕಡೆ ಹೊರಟರೆ ಸ್ವಲ್ಪ ಹೊತ್ತಿಗೇ ಬಿಣಗಾ ಸಿಗುತ್ತದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರ, ಅಲ್ಲೇ ಕಾಸ್ಟಿಕ್ ಸೋಡಾ ಕಾರ್ಖಾನೆ. ಕರ್ನಾಟಕದಲ್ಲಿ ಪಾದರಸದ ಚರಿತ್ರೆ ಹುಡುಕಿ ಹೊರಟ ನನಗೆ ಸಿಕ್ಕಿದ್ದು ಈ ಊರು. ಹಾಗಾದರೆ ಇಲ್ಲಿ ಗಣಿ ಇತ್ತಾ? ಇಲ್ಲ!

ಪಾದರಸದ ಅದಿರು ಸಿನಬಾರ್. ಕೆಂಪು ಕಲ್ಲು, ನಮ್ಮ ಹಳೆಯ ಮಾತಿನಲ್ಲಿ ಇಂಗುಲಿಕ. ಭೂಮಿಯೊಳಗಿನ ಬಿಸಿನೀರು ಪಾದರಸವನ್ನೂ ಗಂಧಕವನ್ನೂ ಹೊತ್ತು ಬಿರುಕುಗಳಲ್ಲಿ ಮೇಲೇರಿ, ನೆಲಕ್ಕೆ ಹತ್ತಿರದಲ್ಲೇ ತಣ್ಣಗಾದಾಗ ಇದು ಕೂಡಿಕೊಳ್ಳುತ್ತದೆ. ಮೇಲ್ಪದರದ ಸರಕು, ಹಾಗಾಗಿ ಬೇಗ ಸವೆದು ಹೋಗುತ್ತದೆ. ಕಾರವಾರದ ಸುತ್ತಿನ ಬಂಡೆಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಒಂದು ಕಾಲಕ್ಕೆ ಆಳದಲ್ಲಿದ್ದದ್ದು ಈಗ ನಮ್ಮ ಕಾಲಡಿ ಇದೆ. ಇಂಥ ಕಡೆ ಇಂಗುಲಿಕ ಉಳಿಯುವುದು ಕಷ್ಟ.

ಹೋಲಿಕೆಗೆ ಸ್ಲೊವೇನಿಯಾದ ಪೋಡ್‌ಲ್ಯೂಬೆಲ್ ನೋಡಿ. ಅಲ್ಲಿನ ಸುಣ್ಣಕಲ್ಲಿನ ಬಿರುಕುಗಳಲ್ಲಿ ಸಿನಬಾರ್ ಇತ್ತು. 16ನೇ ಶತಮಾನದಲ್ಲಿ ಶುರುವಾದ ಆ ಪುಟ್ಟ ಗಣಿ ನಿಲ್ಲುತ್ತಾ ನಡೆಯುತ್ತಾ 1902ರಲ್ಲಿ ಮುಚ್ಚಿತು. ಅಷ್ಟು ವರ್ಷಗಳಲ್ಲಿ ಸಿಕ್ಕಿದ್ದು ಸುಮಾರು 360 ಟನ್ ಪಾದರಸ. ಮುಚ್ಚಿ ನೂರು ವರ್ಷವಾದ ಮೇಲೆ ಪರೀಕ್ಷಿಸಿದರೂ ಹಳೇ ಕುಲುಮೆಯ ಸುತ್ತಲಿನ ಮಣ್ಣಿನಲ್ಲಿ ಪಾದರಸ ಇತ್ತು.

ಬಿಣಗಾಕ್ಕೆ ಪಾದರಸ ಬಂದದ್ದು ಬೇರೆ ದಾರಿಯಲ್ಲಿ. ಉಪ್ಪುನೀರಿಗೆ ಕರೆಂಟ್ ಹಾಯಿಸಿದರೆ ಒಂದು ಕಡೆ ಕ್ಲೋರಿನ್ ಬಿಡುಗಡೆಯಾಗುತ್ತದೆ. ಹಳೆಯ ವಿಧಾನದಲ್ಲಿ ಇನ್ನೊಂದು ಕಡೆ, ತೊಟ್ಟಿಯ ತಳದಲ್ಲಿ ಪಾದರಸ ಹರಿಯುತ್ತಿರುತ್ತದೆ. ಸೋಡಿಯಂ ಅದರಲ್ಲಿ ಕರಗುತ್ತದೆ. ಆಮೇಲೆ ನೀರು ಸೇರಿಸಿದರೆ ಕಾಸ್ಟಿಕ್ ಸೋಡಾ ಸಿಗುತ್ತದೆ, ಪಾದರಸ ಮತ್ತೆ ತೊಟ್ಟಿಗೆ. ಕಾಗದದ ಮೇಲೆ ಪಾದರಸ ಖರ್ಚೇ ಆಗುವುದಿಲ್ಲ. ನಿಜವಾದ ಕಾರ್ಖಾನೆಯಲ್ಲಿ ಸ್ವಲ್ಪ ಸ್ವಲ್ಪವೇ ಕೆಸರು, ತೊಳೆದ ನೀರು, ಗಾಳಿಯ ಜೊತೆ ಹೊರಗೆ ಹೋಗುತ್ತದೆ.

ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಬಳಿಯ ಪಾದರಸದ ಬಗ್ಗೆ ಕೃಷ್ಣಕುಮಾರ್ ಮತ್ತು ಪಿಳ್ಳೈ ಎಂಬ ವಿಜ್ಞಾನಿಗಳು 1990ರಲ್ಲಿ 'ಮರೀನ್ ಪೊಲ್ಯೂಷನ್ ಬುಲೆಟಿನ್' ಪತ್ರಿಕೆಯಲ್ಲಿ ಬರೆದರು. ಇದು ಬರೀ ಅಂಕಿಗಳ ವಿಷಯ ಅಲ್ಲ. ಸಮುದ್ರತಳದ ಕೆಸರಿನ ಬ್ಯಾಕ್ಟೀರಿಯಾಗಳು ಪಾದರಸವನ್ನು ಮೀಥೈಲ್ ಮರ್ಕ್ಯುರಿ ಮಾಡಬಲ್ಲವು. ಅದು ಸಣ್ಣ ಜೀವಿಯಿಂದ ಮೀನಿಗೆ, ಮೀನಿನಿಂದ ಮನುಷ್ಯರಿಗೆ ಹೆಚ್ಚುತ್ತಾ ಹೋಗುತ್ತದೆ. ಜಪಾನಿನ ಮಿನಮಾಟಾದಲ್ಲಿ 1956ರಲ್ಲಿ ಬೆಳಕಿಗೆ ಬಂದ ಕಾಯಿಲೆಗೆ ಕಾರಣ ಇದೇ ಮೀಥೈಲ್ ಮರ್ಕ್ಯುರಿ. ದಿನಾ ಮೀನು ತಿನ್ನುವ ಕರಾವಳಿಗೆ ಇದಕ್ಕಿಂತ ಹತ್ತಿರದ ವಿಷಯ ಯಾವುದಿದೆ ಹೇಳಿ?

ಆಮೇಲೆ ಪಾದರಸ ಬೇಡದ ಮೆಂಬ್ರೇನ್ ಸೆಲ್‌ಗಳು ಬಂದವು, ನಮ್ಮ ದೇಶದ ಕಾಸ್ಟಿಕ್ ಸೋಡಾ ಉದ್ಯಮ ಅದಕ್ಕೆ ಬದಲಾಯಿತು. 2018ರಲ್ಲಿ ಭಾರತ ಮಿನಮಾಟಾ ಒಪ್ಪಂದವನ್ನೂ ಅನುಮೋದಿಸಿತು. ಒಳ್ಳೆಯದೇ ಆಯಿತು. ಆದರೆ ಪಾದರಸ ಮೂಲವಸ್ತು, ಪ್ಲಾಸ್ಟಿಕ್‌ನಂತೆ ಸುಟ್ಟು ಮುಗಿಸಲು ಆಗುವುದಿಲ್ಲ, ಕೊಳೆಯುವುದೂ ಇಲ್ಲ. ಪಾಳುಬಿದ್ದ ಗಣಿಯ ಬಾಯಿಗೆ ಬೇಲಿ ಹಾಕಿ ಬೋರ್ಡು ನೆಡಬಹುದು. ಕೊಲ್ಲಿಯ ತಳಕ್ಕೆ ಬೇಲಿ ಹಾಕುವುದು ಹೇಗೆ? ಅಲ್ಲಿನ ಕೆಸರು, ಮೀನು, ಚಿಪ್ಪಿಕಲ್ಲುಗಳನ್ನು ಆಗಾಗ ಪರೀಕ್ಷಿಸಿ, ಬಂದ ಅಂಕಿಗಳನ್ನು ಊರಿನವರಿಗೆ ಕನ್ನಡದಲ್ಲೇ ತಿಳಿಸುವುದೊಂದೇ ನನಗೆ ಕಾಣುವ ದಾರಿ.