ಫ್ರಾನ್ಸಿನ ಜಿಲ್ಲೆಯಾಗಿದ್ದ ಕುಸಂತೀನ

ಅಲ್ಜೀರಿಯಾದ ಪೂರ್ವಭಾಗದಲ್ಲಿ, ಆಳವಾದ ಕಣಿವೆಯ ಅಂಚಿನ ಬಂಡೆಯ ಮೇಲೆ ನೆಲೆಸಿರುವ ನಗರ ಕುಸಂತೀನ. ಫ್ರೆಂಚರು ಇದನ್ನು ಕಾನ್‌ಸ್ಟಂಟೀನ್ ಎಂದು ಕರೆದರು. 1836ರಲ್ಲಿ ಅವರ ಮೊದಲ ದಾಳಿಯನ್ನು ಅಹ್ಮದ್ ಬೇ ಹಿಮ್ಮೆಟ್ಟಿಸಿದರಾದರೂ ಮರುವರ್ಷದ ಅಕ್ಟೋಬರ್‌ನಲ್ಲಿ ನಗರವು ಪತನಗೊಂಡಿತು.

1848ರಲ್ಲಿ ಅಲ್ಜೀರಿಯಾವನ್ನು ಫ್ರಾನ್ಸಿನ ಭೂಭಾಗವೆಂದೇ ಘೋಷಿಸಿ ಅಲ್ಜೀರ್ಸ್, ಒರಾನ್, ಕುಸಂತೀನ ಎಂಬ ಮೂರು ಡಿಪಾರ್ಟ್‌ಮೆಂಟುಗಳನ್ನು ರಚಿಸಲಾಯಿತು. ಪ್ಯಾರಿಸ್ಸಿನ ಸುತ್ತಲಿನ ಜಿಲ್ಲೆಗಳಿಗಿದ್ದಂತೆ ಇಲ್ಲಿಗೂ ಪ್ರಿಫೆಕ್ಟ್ ಎಂಬ ಆಡಳಿತಾಧಿಕಾರಿ ಬಂದನು. ಆದರೆ ಅವನ ಅಧಿಕಾರವು ವಲಸೆ ಬಂದ ಯುರೋಪಿಯನ್ನರು ನೆಲೆಸಿದ್ದ ನಾಗರಿಕ ಪ್ರದೇಶಕ್ಕೆ ಸೀಮಿತವಾಗಿತ್ತು. ಉಳಿದ ವಿಶಾಲ ಪ್ರದೇಶವನ್ನು ಸೇನಾಧಿಕಾರಿಗಳು ಆಳುತ್ತಿದ್ದರು.

ನೆಲವೇನೋ ಫ್ರಾನ್ಸ್ ಆಯಿತು. ಆ ನೆಲದ ಮಕ್ಕಳು ಏನಾದರು? 1865ರ ಕಾನೂನು ಮುಸ್ಲಿಮರನ್ನು ಫ್ರಾನ್ಸಿನ ಪ್ರಜೆಗಳೆಂದು ಒಪ್ಪಿತು, ಆದರೆ ಪೂರ್ಣ ಪೌರತ್ವ ಬೇಕಾದವರು ವಿವಾಹ, ವಾರಸು ಮುಂತಾದ ವಿಷಯಗಳಲ್ಲಿ ಶರೀಅತ್ತಿನ ಕಾನೂನನ್ನು ತೊರೆಯಬೇಕಿತ್ತು. ಬಹಳ ಕಡಿಮೆ ಮಂದಿ ಮಾತ್ರ ಹಾಗೆ ಮಾಡಿದರು. 1881ರಿಂದ 'ದೇಶೀಯರ ಸಂಹಿತೆ'ಯು ಜಾರಿಗೆ ಬಂದು, ನ್ಯಾಯಾಲಯದ ವಿಚಾರಣೆಯಿಲ್ಲದೆಯೇ ಅವರನ್ನು ದಂಡಿಸುವ ಅಧಿಕಾರವನ್ನು ಆಡಳಿತಗಾರರಿಗೆ ನೀಡಿತು.

ದೀನಿನ ಸಂಸ್ಥೆಗಳ ಪಾಡು ಇನ್ನೂ ಚಿಂತನಾರ್ಹವಾಗಿದೆ. 1830ರಲ್ಲಿ ಆಕ್ರಮಣವಾದ ಕೆಲವೇ ತಿಂಗಳುಗಳಲ್ಲಿ, ಮಕ್ಕಾ-ಮದೀನಾಗಳ ಹೆಸರಿನಲ್ಲಿದ್ದ ವಕ್ಫ್ ಆಸ್ತಿಗಳನ್ನೂ ಸರಕಾರವು ವಶಪಡಿಸಿಕೊಳ್ಳಲು ಮುಂದಾಯಿತು. ವಕ್ಫಿನ ವರಮಾನದಿಂದಲೇ ಮಸೀದಿ, ಮದ್ರಸಗಳು ನಡೆಯುತ್ತಿದ್ದುದರಿಂದ ಅವುಗಳ ಬೇರೇ ಒಣಗಿತು. 1905ರಲ್ಲಿ ಫ್ರಾನ್ಸ್ ಧರ್ಮವನ್ನೂ ರಾಜ್ಯವನ್ನೂ ಬೇರ್ಪಡಿಸಿದಾಗಲೂ ಅಲ್ಜೀರಿಯಾದ ಮಸೀದಿಗಳು ಸರಕಾರದ ಹಿಡಿತದಿಂದ ಬಿಡುಗಡೆಯಾಗಲಿಲ್ಲ.

ಇದೇ ಕುಸಂತೀನದಲ್ಲಿ 1889ರಲ್ಲಿ ಜನಿಸಿದವರು ಶೈಖ್ ಅಬ್ದುಲ್ ಹಮೀದ್ ಬಿನ್ ಬಾದೀಸ್. ಅವರು 1913ರಿಂದ ಅಲ್ಲಿನ ಹಸಿರು ಮಸೀದಿಯಲ್ಲಿ ಪಾಠ ಹೇಳಿದರು; 1931ರಲ್ಲಿ ಉಲಮಾಗಳ ಸಂಘಟನೆಯ ನೇತೃತ್ವ ವಹಿಸಿದರು. ಜನರು ಕೊಟ್ಟ ದೇಣಿಗೆಯಿಂದ ಅರಬಿ ಶಾಲೆಗಳು ಎದ್ದವು. ಕಿತ್ತುಕೊಳ್ಳಲಾದ ವಕ್ಫಿಗೆ ಸಮುದಾಯವು ತನ್ನ ಜೇಬಿನಿಂದಲೇ ಉತ್ತರ ಕೊಟ್ಟಿತು. 1940ರಲ್ಲಿ ಶೈಖರು ತೀರಿಕೊಂಡರು.

1955ರಲ್ಲಿ ಈ ಡಿಪಾರ್ಟ್‌ಮೆಂಟನ್ನು ಒಡೆದು ಬೋನ್ ಎಂಬ ಹೊಸ ಡಿಪಾರ್ಟ್‌ಮೆಂಟನ್ನು ರಚಿಸಲಾಯಿತು. ಗಡಿಗೆರೆಗಳನ್ನು ಬದಲಿಸಿದರೂ ಅಸಮಾನತೆ ಬದಲಾಗಲಿಲ್ಲ. 1962ರಲ್ಲಿ ಅಲ್ಜೀರಿಯಾ ಸ್ವತಂತ್ರವಾಯಿತು.

ಒಂದು ಪ್ರದೇಶಕ್ಕೆ ಜಿಲ್ಲೆಯ ಹೆಸರಿಟ್ಟ ಮಾತ್ರಕ್ಕೆ ಅಲ್ಲಿನ ಜನರಿಗೆ ನ್ಯಾಯ ದೊರೆಯುವುದಿಲ್ಲ. ಅಧಿಕಾರವು ಅಮಾನತ್ತು ಎಂದು ನಾವು ನಂಬುತ್ತೇವೆ. ವಕ್ಫ್ ಕೂಡ ಅಮಾನತ್ತೇ. ಬಲಾಢ್ಯರು ಅದನ್ನು ಕಸಿದರೆ ನಾವು ದುಃಖಿಸುತ್ತೇವೆ. ನಮ್ಮ ಕೈಯಲ್ಲಿರುವುದನ್ನು ನಾವೇ ನಿರ್ಲಕ್ಷಿಸಿದರೆ ಅಲ್ಲಾಹನ ಮುಂದೆ ಏನು ಉತ್ತರ ಹೇಳುವೆವು?