ಅಲ್ಯೂಮಿನಿಯಂ ಮತ್ತು ವಸ್ತುಪ್ರದರ್ಶನ: ಚಾಮರಾಜನಗರ, ಗುಂಡ್ಲುಪೇಟೆಗಳನ್ನು ಕುರಿತ ಒಂದು ವಿಚಾರ

ಚಾಮರಾಜನಗರ, ಗುಂಡ್ಲುಪೇಟೆಗಳ ಇತಿಹಾಸವೆಂದೊಡನೆ ನಮ್ಮ ಮನಸ್ಸು ಶಿಲೆ, ತಾಮ್ರಗಳ ಕಡೆಗೆ ಹರಿಯುವುದು ಸಹಜ. ಈ ತಾಲ್ಲೂಕುಗಳ ಶಾಸನಗಳನ್ನು ರೈಸರು ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ 1898ರಲ್ಲಿ ಪ್ರಕಟಿಸಿದರು. ಅದೇ ವರ್ಷ ಮದರಾಸಿನ ಕಲಾಶಾಲೆಯಲ್ಲಿ ಆಲ್‌ಫ್ರೆಡ್ ಚಾಟರ್‌ಟನ್ನರು ಅಲ್ಯೂಮಿನಿಯಂ ಪಾತ್ರೆಗಳನ್ನು ಮಾಡಿಸತೊಡಗಿದರು. ಮೊದಲನೆಯ ಸಂಗತಿಯನ್ನು ನಾವು ತರಗತಿಯಲ್ಲಿ ಹೇಳುತ್ತೇವೆ, ಎರಡನೆಯದನ್ನು ಹೇಳುವುದಿಲ್ಲ. ಅಡುಗೆಮನೆಗಳನ್ನು ಬದಲಿಸಿದ್ದು ಮಾತ್ರ ಎರಡನೆಯದೇ. ಈ ಚಾಟರ್‌ಟನ್ನರು 1912ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಕೈಗಾರಿಕೆಗಳ ನಿರ್ದೇಶಕರಾಗಿದ್ದರೆಂಬುದೂ ಸ್ಮರಣೀಯ.

ಈ ಲೋಹದ ಚರಿತ್ರೆ ಪ್ರದರ್ಶನದೊಡನೆಯೇ ಬೆಳೆದುಬಂದಿದೆ. 1855ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅದರ ಗಟ್ಟಿಗಳನ್ನು ಬೆಲೆಬಾಳುವ ಅಪೂರ್ವ ವಸ್ತುವೆಂದು ಇಟ್ಟಿದ್ದರು. 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಇಬ್ಬರೂ ಪ್ರತ್ಯೇಕವಾಗಿ ವಿದ್ಯುತ್ತಿನಿಂದ ಅದನ್ನು ಬೇರ್ಪಡಿಸುವ ಕ್ರಮವನ್ನು ಕಂಡುಹಿಡಿದ ಮೇಲೆ ಬೆಲೆ ಕುಸಿಯಿತು. ಅರಸರ ಮೇಜಿನ ಲೋಹ ಕೂಲಿಯವನ ಬುತ್ತಿಗೆ ಇಳಿಯಿತು. ಹಿತ್ತಾಳೆಯ ಮೂರನೆಯ ಒಂದು ಪಾಲಿಗೂ ಕಡಿಮೆ ತೂಕ; ಕಲಾಯಿಯ ಖರ್ಚಿಲ್ಲ. ಹುಣಿಸೆಹುಳಿಗೆ ತಾಳದೆಂಬ ದೋಷವೊಂದುಂಟು, ಅದಂತಿರಲಿ.

1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಅಲ್ಯೂಮಿನಿಯಂ ಚೌಕಟ್ಟಿನ ಕುರ್ಚಿಗಳನ್ನು ಹೊರತಂದರು. ಅದೇ ವರ್ಷ ಭಾರತ ಸರ್ಕಾರಕ್ಕೆ ಒಪ್ಪಿಸಿದ ವರದಿಯಲ್ಲಿ ನಮ್ಮ ಚೊಂಬಿನ ರೂಪವನ್ನು ಕೊಂಡಾಡಿದರು. ಅವರ ಕುರ್ಚಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವನ್ನು ಸೇರಿದೆ. ಹಿತ್ತಾಳೆಯ ಚೊಂಬಿಗೂ ನಮ್ಮ ಜಾನಪದ ಸಂಗ್ರಹಾಲಯಗಳಲ್ಲಿ ಸ್ಥಾನವುಂಟು. ಗುಂಡ್ಲುಪೇಟೆಯ ಅಟ್ಟದ ಮೇಲಿನ ಸೊಟ್ಟಾದ ಅಲ್ಯೂಮಿನಿಯಂ ತಪ್ಪಲೆಯಾದರೋ ಗುಜರಿಯವನ ತಕ್ಕಡಿಗೆ ಹೋಗುತ್ತದೆ. ಬಡವರ ಪಾತ್ರೆಯೆಂಬ ತಾತ್ಸಾರವೇ ಇದಕ್ಕೆ ಕಾರಣವೆಂದು ನಮಗೆ ತೋರುತ್ತದೆ. ಇತಿಹಾಸಕಾರರಾದ ನಾವೂ ಈ ತಾತ್ಸಾರದಿಂದ ಮುಕ್ತರಲ್ಲ.

ಸಂಗ್ರಹಾಲಯಗಳು ಈ ಲೋಹವನ್ನು ಚೌಕಟ್ಟಾಗಿ ಒಪ್ಪಿಕೊಂಡಿರುವುದು ವಿನೋದದ ಸಂಗತಿ. ಮರದ ಪೆಟ್ಟಿಗೆಯಿಂದ ಹೊಮ್ಮುವ ಆಮ್ಲದ ಆವಿ ಸೀಸದ ವಸ್ತುಗಳನ್ನು ಬಿಳಿಯ ಪುಡಿಯಾಗಿಸುತ್ತದೆ. ಅಲ್ಯೂಮಿನಿಯಂ ಪೆಟ್ಟಿಗೆಗೆ ಆ ದೋಷವಿಲ್ಲ. ಆದರೆ ತೇವವಿದ್ದಲ್ಲಿ ತಾಮ್ರ ತಗಲಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಆದಕಾರಣ ತಾಮ್ರಶಾಸನಕ್ಕೂ ಅದರ ಆಧಾರಕ್ಕೂ ನಡುವೆ ತೇವ ಹೀರದ ಪದರವೊಂದು ಅವಶ್ಯಕ. ವೀರಗಲ್ಲಿನ ಭಾರಕ್ಕೆ ತೆಳುವಾದ ಈ ಚೌಕಟ್ಟು ಸಾಲದು, ಕಲ್ಲಿನ ಕಟ್ಟೆಯೇ ಬೇಕು.

ಈ ಎರಡು ತಾಲ್ಲೂಕುಗಳ ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಯ ತಪ್ಪಲೆಯ ತಳದ ಮುದ್ರೆ, ಕೊಂಡ ಸಂತೆ, ತೆತ್ತ ಬೆಲೆ, ತೂತಿಗೆ ಹಾಕಿದ ತೇಪೆ ಇವುಗಳನ್ನು ಹಿರಿಯರಿಂದ ಕೇಳಿ ಬರೆದಿಡಬೇಕೆಂದು ಕೋರುತ್ತೇವೆ. ಕೇಳಬೇಕಾದವರು ಈಗ ವೃದ್ಧರಾಗಿದ್ದಾರೆ.